ಲೆಕ್ಕ ನಿಲ್ಲದಿದ್ದ ದಿನ

ನಾನು ಹೆದರುಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ನಿವೃತ್ತರಾದವರು ಬರೆಯಲು ಕೂತರೆ ಎಲ್ಲರೂ ಧೈರ್ಯಶಾಲಿಗಳಾಗಿಬಿಡುತ್ತಾರೆ. ನಮ್ಮ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ಕಾಡುಗೋಡಿಯ ನಮ್ಮ ಮನೆಗೆ ಬಂದು, “ಮೇಡಂ, ನಿಮ್ ಎಕ್ಸ್‌ಪೀರಿಯೆನ್ಸ್ ಸ್ವಲ್ಪ ಹೇಳಿ” ಅನ್ನುತ್ತಾರೆ. ಪ್ರಮೋಷನ್ನು, ಜರ್ಮನಿ ಪ್ರವಾಸ ಇಂಥದ್ದನ್ನು ಕೇಳಬೇಕೆಂದು ಬಂದಿರುತ್ತಾರೆ, ಪಾಪ. ನಾನು ಹೆದರಿಕೆಯ ಕಥೆ ಶುರು ಮಾಡುತ್ತೇನೆ. ಅವರು ಕಾಫಿ ಮುಗಿಸಿ, ಮರ್ಯಾದೆಗೆ ತಲೆಯಾಡಿಸಿ ಎದ್ದು ಹೋಗುತ್ತಾರೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಓದುವವರು ನಡುವೆ ಎದ್ದು ಹೋದರೆ ನನಗೆ ಕಾಣಿಸುವುದಿಲ್ಲವಲ್ಲ.

ನಮ್ಮ ಕೆಲಸ ಇಷ್ಟೇ. ಎಲೆಕ್ಟ್ರಿಕ್ ಬಸ್ಸಿನಲ್ಲಿ, ಲಿಫ್ಟಿನಲ್ಲಿ, ಮೆಟ್ರೋದಲ್ಲಿ ಮೋಟಾರು ತಿರುಗಿಸುವ ಕರೆಂಟು ಉಗುರಿನಗಲದ ಚಿಪ್‌ಗಳ ಮೂಲಕ ಹಾಯ್ದು ಬರುತ್ತದೆ. ಅಂಥ ಕೆಲವು ಚಿಪ್‌ಗಳನ್ನು ಒಂದು ಪಿಂಗಾಣಿ ಹಲಗೆಯ ಮೇಲೆ ಕೂರಿಸಿ ಮಾಡಿದ ಡಬ್ಬಿಗೆ ಮಾಡ್ಯೂಲ್ ಅನ್ನುತ್ತೇವೆ. ಚಿಪ್ ಅಂದರೆ ಒಂದು ಹರಳು. ಕರೆಂಟು ಹರಿದಾಗ ಅದರಲ್ಲಿ ಬಿಸಿ ಹುಟ್ಟುತ್ತದೆ. ಆ ಬಿಸಿ ಹರಳಿನೊಳಗಿಂದ ಎಷ್ಟು ಸಲೀಸಾಗಿ ಹೊರಗೆ ಬರುತ್ತದೆ, ಎಲ್ಲಿ ತಡೆಯುತ್ತದೆ, ಕೊನೆಗೆ ಹರಳು ಎಷ್ಟು ಕಾಯುತ್ತದೆ ಎಂದು ಮಾಡ್ಯೂಲ್ ತಯಾರಾಗುವ ಮೊದಲೇ ಲೆಕ್ಕ ಹಾಕಿ ಹೇಳಬೇಕು. ನನ್ನ ಸರ್ವೀಸೆಲ್ಲ ಇದರಲ್ಲೇ ಕಳೆಯಿತು.

ಶುರುವಾದದ್ದು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ. ಅಲ್ಲಿ ನನ್ನ ಮೇಲಿನವರು ರಂಗಸ್ವಾಮಿ ಎಂಬುವರು. ಅವರ ಕಾಲದಲ್ಲಿ ಕಂಪ್ಯೂಟರ್ ಇಲ್ಲ, ಬಣ್ಣದ ಚಿತ್ರ ಇಲ್ಲ. ಪದರ ಪದರವಾಗಿ ಕೈಲೆಕ್ಕ ಹಾಕುತ್ತಿದ್ದರು, ಆಮೇಲೆ ಚಿಪ್ಪಿನ ಬಿಸಿ ಹೊರಹಾಕುವ ಅಲ್ಯೂಮಿನಿಯಂ ರೆಕ್ಕೆಗಳನ್ನು ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿ ತಲೆಯಾಡಿಸುತ್ತಿದ್ದರು. ನನಗೂ ಮುಟ್ಟು ಅನ್ನುತ್ತಿದ್ದರು. ನಾನು ಸೆರಗಿನಲ್ಲಿ ಕೈ ಮುಚ್ಚಿಕೊಂಡು ಹಿಂದೆ ಸರಿಯುತ್ತಿದ್ದೆ.

“ಅಲ್ಲಮ್ಮಾ, ಬಿಸಿ ಲೆಕ್ಕ ಹಾಕೋಳೇ ಬಿಸಿಗೆ ಹೆದರ್ಕೊಂಡ್ರೆ ಹೆಂಗೆ ಹೇಳು” ಎಂದು ಎಲ್ಲರೆದುರು ನಗಾಡುತ್ತಿದ್ದರು.

ಒಂದು ದಿನ ಅವರು ಹಾಗೆ ಮುಟ್ಟಿ, “ತಣ್ಣಗಿದೆ, ಪ್ಯಾಕ್ ಮಾಡಿ” ಅಂದರು. ಅಂದ ಸ್ವಲ್ಪ ಹೊತ್ತಿಗೆ ಒಳಗಿನ ಚಿಪ್ ಸುಟ್ಟು ವಾಸನೆ ಬಂತು. ಬಿಚ್ಚಿ ನೋಡಿದರೆ, ಚಿಪ್ಪಿನ ತಳಕ್ಕೂ ಅಲ್ಯೂಮಿನಿಯಮ್ಮಿಗೂ ನಡುವೆ ಬಳಿಯಬೇಕಾದ ಗ್ರೀಸನ್ನು ಯಾರೋ ಬಳಿದೇ ಇರಲಿಲ್ಲ. ಬಿಸಿ ಹೊರಗೆ ಬರಲು ದಾರಿಯೇ ಇಲ್ಲದೆ ಒಳಗೇ ಕೂತಿತ್ತು, ಅದಕ್ಕೇ ಹೊರಗೆ ತಣ್ಣಗಿತ್ತು. ರಂಗಸ್ವಾಮಿಯವರು ತಮ್ಮ ಬೆರಳು ನೋಡಿಕೊಂಡರು. ನನಗೆ ಅವತ್ತು ಹತ್ತಿದ ದಿಗಿಲು ಮತ್ತೆ ಬಿಡಲಿಲ್ಲ. ಹೊರಗೆ ತಣ್ಣಗಿರುವ ವಸ್ತು ಕಂಡರೆ ಇವತ್ತಿಗೂ ನಾನು ಒಂದು ಹೆಜ್ಜೆ ಹಿಂದೆ ಹೋಗುತ್ತೇನೆ.

ಆಮೇಲೆ ವೈಟ್‌ಫೀಲ್ಡಿನ ಕಂಪನಿಗೆ ಬಂದೆ. ಅಷ್ಟರಲ್ಲಿ ಕಂಪ್ಯೂಟರ್ ಬಂದಿತ್ತು, ಬಣ್ಣದ ಚಿತ್ರ ಬಂದಿತ್ತು. ತಣ್ಣಗಿದ್ದರೆ ನೀಲಿ, ಬೆಚ್ಚಗಿದ್ದರೆ ಹಸಿರು, ಕಾದಿದ್ದರೆ ಕೆಂಪು. ನಮ್ಮ ಮ್ಯಾನೇಜರ್ ಮೂರ್ತಿಯವರು ಒಳ್ಳೆಯ ಮನುಷ್ಯ, ಆದರೆ ಕೆಂಪು ಬಣ್ಣ ಅಂದರೆ ಮೈಮೇಲೆ ಹಾವು ಬಿದ್ದಂತೆ ಆಡುತ್ತಿದ್ದರು. “ಕಸ್ಟಮರ್ ಮುಂದೆ ಕೆಂಪು ಇರೋ ಸ್ಲೈಡ್ ಇಡ್ಬೇಡಿ ಕಣ್ರೀ, ಅವ್ರು ಮಿಕ್ಕಿದ್ದೇನೂ ಕೇಳಿಸ್ಕೊಳಲ್ಲ.” ಹಾಗಾಗಿ ನಮ್ಮಲ್ಲಿ ಒಂದು ಪದ್ಧತಿಯೇ ಬೆಳೆಯಿತು. ಬಣ್ಣದ ಅಳತೆಪಟ್ಟಿಯ ಮೇಲಿನ ತುದಿಯನ್ನು ಎತ್ತರಕ್ಕೆ ಎಳೆದರೆ ಕೆಂಪೆಲ್ಲ ಹಸಿರಾಗುತ್ತದೆ. ಸುಳ್ಳೇನಿಲ್ಲ, ಸಂಖ್ಯೆ ಪಕ್ಕದಲ್ಲೇ ಇರುತ್ತದೆ. ಆದರೆ ಹಸಿರು ಚಿತ್ರ ನೋಡಿದವರು ಸಂಖ್ಯೆ ಓದುವುದಿಲ್ಲ. ಹೊಸಬರೇ, ಯಾರಾದರೂ ಹಸಿರು ಚಿತ್ರ ತಂದರೆ ಮೊದಲು ಅಳತೆಪಟ್ಟಿ ನೋಡಿ. ಇಷ್ಟು ಕಲಿತರೆ ನನ್ನ ಕಾಫಿ ಪುಡಿಗೆ ನ್ಯಾಯ ಸಿಕ್ಕಿತು.

ಇನ್ನು ‘ನಿಲ್ಲುವುದು’ ಅಂದರೇನೆಂದು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕಂಪ್ಯೂಟರು ಉತ್ತರವನ್ನು ಒಂದೇ ಸಲಕ್ಕೆ ಕೊಡುವುದಿಲ್ಲ. ಮೊದಲು ಒಂದು ಅಂದಾಜು ಇಟ್ಟುಕೊಳ್ಳುತ್ತದೆ, ಲೆಕ್ಕ ಹಾಕುತ್ತದೆ, ತಿದ್ದುತ್ತದೆ, ಮತ್ತೆ ಹಾಕುತ್ತದೆ. ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ವ್ಯತ್ಯಾಸ ಇಲ್ಲವೆನ್ನುವಷ್ಟಾದರೆ ನಾವು ‘ನಿಂತಿತು’ ಅನ್ನುತ್ತೇವೆ. ಆ ಸಂಖ್ಯೆ ಉತ್ತರ. ಕೆಲವು ಸಲ ನಿಲ್ಲುವುದಿಲ್ಲ. ಆಗ ಎಲ್ಲರೂ ಕಂಪ್ಯೂಟರನ್ನು ಬೈಯುತ್ತಾರೆ, ಇಲ್ಲವೇ ಸಾಫ್ಟ್‌ವೇರನ್ನು. ಆಮೇಲೆ ಅಲ್ಲಿ ಇಲ್ಲಿ ತಿರುಚಿ ನಿಲ್ಲಿಸುತ್ತಾರೆ.

ಎಲ್ಲರಿಗೂ ಗೊತ್ತಿದ್ದ ತಿರುಚು ಒಂದಿತ್ತು. ಹರಳಿನಲ್ಲಿ ಬಿಸಿ ಸಾಗುವುದು ಪರಮಾಣುಗಳ ಅಲುಗಾಟದಿಂದ. ಕಟ್ಟಡದ ಕೆಲಸದಲ್ಲಿ ಸಾಲಾಗಿ ನಿಂತವರು ಕೈಯಿಂದ ಕೈಗೆ ಇಟ್ಟಿಗೆ ದಾಟಿಸುವುದನ್ನು ನೋಡಿದ್ದೀರಲ್ಲ, ಹಾಗೆ. ಹರಳು ತಣ್ಣಗಿದ್ದಾಗ ಸಾಲು ನೆಟ್ಟಗಿರುತ್ತದೆ, ಇಟ್ಟಿಗೆ ಸರಸರ ಹೋಗುತ್ತದೆ. ಕಾದಂತೆಲ್ಲ ಸಾಲಿನವರೇ ಕುಣಿಯತೊಡಗಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರೆ, ಇಟ್ಟಿಗೆ ತಡವಾಗುತ್ತದೆ. ಅಂದರೆ ಹರಳು ಬಿಸಿಯಾದಷ್ಟೂ ಬಿಸಿಯನ್ನು ಸಾಗಿಸುವ ಶಕ್ತಿ ಕಮ್ಮಿ. ಇದನ್ನು ಲೆಕ್ಕದಲ್ಲಿ ಸೇರಿಸಿದರೆ ಲೆಕ್ಕ ನಿಲ್ಲಲು ತಿಣುಕುತ್ತದೆ. ಅದಕ್ಕೆ ಜನ ಏನು ಮಾಡುತ್ತಿದ್ದರೆಂದರೆ, ಆ ಶಕ್ತಿ ಬದಲಾಗುವುದೇ ಇಲ್ಲವೆಂದು ಒಂದೇ ಸಂಖ್ಯೆ ಇಟ್ಟುಬಿಡುತ್ತಿದ್ದರು. ಲೆಕ್ಕ ಗಪ್ಪನೆ ನಿಲ್ಲುತ್ತಿತ್ತು, ಎಲ್ಲರೂ ಊಟಕ್ಕೆ ಹೋಗುತ್ತಿದ್ದರು.

ಈಗ ಆ ದಿನಕ್ಕೆ ಬರುತ್ತೇನೆ. ಮೆಟ್ರೋ ಕಾಡುಗೋಡಿಯವರೆಗೆ ಬಂದ ಮೇಲಿನ ಮಾತು, ನಾನು ನಿವೃತ್ತಿಯ ಅಂಚಿನಲ್ಲಿದ್ದೆ. ಎಲೆಕ್ಟ್ರಿಕ್ ಬಸ್ಸಿಗೆಂದು ಹೊಸ ಮಾಡ್ಯೂಲ್ ಮಾಡಿದ್ದೆವು. ಪೀಣ್ಯದಲ್ಲಿ ನಮ್ಮದೇ ಟೆಸ್ಟ್ ಶೆಡ್ ಇತ್ತು. ಅಲ್ಲಿ ಅವತ್ತು ಮಧ್ಯಾಹ್ನ ಆ ಮಾಡ್ಯೂಲಿಗೆ ಮೊದಲ ಸಲ ಪೂರ್ತಿ ಕರೆಂಟು ಕೊಟ್ಟು ತುಂಬ ಹೊತ್ತು ಹಾಗೇ ಬಿಡುವುದಿತ್ತು. ಟೆಸ್ಟ್ ನಡೆಯುತ್ತಿರುವಾಗಲೇ ಕಸ್ಟಮರ್ ಕಡೆಯವರು ನೋಡಲು ಬರುವವರು.

ಶೆಡ್ಡಿನ ಟೆಕ್ನಿಷಿಯನ್ ಶರಣಪ್ಪ. ಯಾದಗಿರಿ ಕಡೆಯವನು, ಲಗ್ಗೆರೆಯಲ್ಲಿ ಬಾಡಿಗೆ ರೂಮು, ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ಅವನಿಗೂ ಹೆದರಿಕೆಗೂ ಸಂಬಂಧವೇ ಇಲ್ಲ. ಈ ಟೆಸ್ಟಿನಲ್ಲಿ ಮಾಡ್ಯೂಲಿನ ಮುಚ್ಚಳ ತೆಗೆದು, ಚಿಪ್‌ಗಳಿಗೆ ಕಪ್ಪು ಬಣ್ಣ ಬಳಿದು, ಬಿಸಿ ಕಾಣುವ ಕ್ಯಾಮೆರಾದಿಂದ ನೋಡಬೇಕು. ಮುಚ್ಚಳ ಇದ್ದರೆ ಕ್ಯಾಮೆರಾಗೆ ಏನೂ ಕಾಣುವುದಿಲ್ಲ. ಶರಣಪ್ಪ ಕ್ಯಾಮೆರಾ ಹಿಡಿದು ಬಗ್ಗಿದರೆ ಅವನ ಮುಖಕ್ಕೂ ಚಿಪ್‌ಗಳಿಗೂ ಮೊಳದಷ್ಟು ದೂರವೂ ಇರುತ್ತಿರಲಿಲ್ಲ. ಅದನ್ನು ನೆನೆದು ಎಷ್ಟೋ ಸಲ, ಅವನು ಶೆಡ್ಡಿಗೆ ಹೋಗುವ ಮೊದಲೇ ಫೋನ್ ಮಾಡಿ, “ಹುಷಾರಪ್ಪಾ” ಅಂದಿದ್ದೆ. ಎಷ್ಟೋ ಸಲ ಏನೂ ಆಗಿರಲಿಲ್ಲ. ಅವನ ಬಾಯಲ್ಲಿ ನಾನು ‘ಅಂಜುಬುರುಕಿ ಅಕ್ಕಾರು’ ಆಗಿದ್ದೆ.

ಬೆಳಿಗ್ಗೆ ಕಾಫಿ ಹೊತ್ತಿಗೆ ಚೈತ್ರಾ ನನ್ನ ಹತ್ತಿರ ಬಂದಳು. ವರ್ತೂರಿನ ಹುಡುಗಿ, ಸೇರಿ ಹೆಚ್ಚು ದಿನ ಆಗಿರಲಿಲ್ಲ. ಆ ಮಾಡ್ಯೂಲಿನ ಲೆಕ್ಕ ಮಾಡಿದ್ದವನು ಬೇರೆ ಕಂಪನಿಗೆ ಹೋಗಿದ್ದರಿಂದ ಫೈಲು ಅವಳ ಪಾಲಿಗೆ ಬಂದಿತ್ತು.

“ಮೇಡಂ, ರಿಪೋರ್ಟ್‌ನಲ್ಲಿರೋ ಉತ್ತರ ಬರ್ಬೇಕಂದ್ರೆ ಹರಳಿಗೆ ಒಂದೇ ನಂಬರ್ ಇಡ್ಬೇಕು. ಬಿಸಿ ಜತೆ ಬದಲಾಗೋ ಥರ ಇಟ್ರೆ ಪೂರ್ತಿ ಕರೆಂಟಲ್ಲಿ ನಿಲ್ತಾನೇ ಇಲ್ಲ. ನಾನೇ ಏನೋ ಎಡವಟ್ ಮಾಡಿದೀನಿ ಅನ್ಸುತ್ತೆ.”

“ನಿಲ್ಲಲ್ಲ ಅಂದ್ರೆ? ಮೇಲೆ ಕೆಳಗೆ ಕುಣಿಯುತ್ತಾ?”

“ಇಲ್ಲ ಮೇಡಂ. ಬರೀ ಮೇಲೇ ಹೋಗುತ್ತೆ.”

ಕಾಫಿ ಲೋಟ ಇಟ್ಟು ಅವಳ ಮೇಜಿಗೆ ಹೋಗಿ ಪರದೆ ನೋಡಿದೆ. ಕಂಪ್ಯೂಟರ್ ಎಡವಿದಾಗ ಸಂಖ್ಯೆಗಳು ಹುಚ್ಚು ಹಿಡಿದವರಂತೆ ಒಮ್ಮೆ ಏರಿ ಒಮ್ಮೆ ಇಳಿಯುತ್ತವೆ. ಇವು ಹಾಗಿರಲಿಲ್ಲ. ಮೊದಮೊದಲು ನಿಧಾನವಾಗಿ, ಹೆಚ್ಚುಕಮ್ಮಿ ನಿಂತೇಬಿಟ್ಟವೇನೋ ಎನ್ನುವಂತೆ ಏರಿ, ಆಮೇಲೆ ಒಂದೊಂದು ಸುತ್ತಿಗೂ ದೊಡ್ಡ ದೊಡ್ಡ ಹೆಜ್ಜೆ ಇಟ್ಟು ಮೇಲೆ ಹೋಗುತ್ತಿದ್ದವು. ಕಂಪ್ಯೂಟರಿಗೆ ಉತ್ತರ ಸಿಗುತ್ತಿಲ್ಲ ಎಂದಲ್ಲ, ಅಲ್ಲಿ ನಿಲ್ಲುವ ಉತ್ತರವೇ ಇಲ್ಲ. ಚಿಪ್ ಕಾದಷ್ಟೂ ಕರೆಂಟಿಗೆ ಅಡ್ಡಿ ಜಾಸ್ತಿ, ಅದರಿಂದ ಇನ್ನಷ್ಟು ಬಿಸಿ. ಕಾದಷ್ಟೂ ಹರಳು ಆ ಬಿಸಿಯನ್ನು ಹೊರಗೆ ಬಿಡುವುದು ಕಮ್ಮಿ, ಅದರಿಂದ ಮತ್ತಷ್ಟು ಬಿಸಿ. ಕರಗುವವರೆಗೂ ಇದು ಎಲ್ಲೂ ನಿಲ್ಲುವುದಿಲ್ಲ. ಕಡಿಮೆ ಕರೆಂಟಿನಲ್ಲಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಪೂರ್ತಿ ಕರೆಂಟು ಅವತ್ತೇ ಮೊದಲು.

ಮೂರ್ತಿಯವರ ಕೋಣೆಗೆ ಓಡಿದೆ.

“ಸಾರ್, ಇವತ್ತಿನ ಟೆಸ್ಟ್ ನಿಲ್ಸಿ. ಮಾಡ್ಯೂಲ್ ಸಿಡಿಯುತ್ತೆ.”

ಅವರು ಕೂರಲು ಹೇಳಿದರು, ಪೂರ್ತಿ ಕೇಳಿದರು. ಆಮೇಲೆ, “ಶಾರದಾ ಮೇಡಂ, ಲೆಕ್ಕ ನಿಲ್ಲದೇ ಇರೋದು ಹೊಸದಾ ನಮ್ಗೆ? ಅದು ಸಾಫ್ಟ್‌ವೇರ್ ಪ್ರಾಬ್ಲಂ. ನಿಂತಿರೋ ಲೆಕ್ಕದ ರಿಪೋರ್ಟ್ ಇದೆಯಲ್ಲ” ಅಂದರು.

“ಅದನ್ನ ಬಲವಂತವಾಗಿ ನಿಲ್ಸಿರೋದು ಸಾರ್.”

“ಎಲ್ಲಾ ಲೆಕ್ಕಾನೂ ಹಾಗೇ ನಿಲ್ಸಿರೋದು ಕಣ್ರೀ. ಕಸ್ಟಮರ್‌ಗೆ ಏನಂತ ಹೇಳ್ಲಿ? ನಮ್ ಮೇಡಂಗೆ ಭಯ ಆಗ್ತಿದೆ ಅಂತಾನಾ?”

ಅವರು ಕೊಂಕು ಮಾತಾಡುವವರಲ್ಲ. ನಿಜವಾಗಿಯೂ ಏನು ಹೇಳಬೇಕೆಂದು ಅವರಿಗೆ ತೋಚಿರಲಿಲ್ಲ. ಅಲ್ಲಿಂದ ಎದ್ದು ಬಂದೆ.

ಪೀಣ್ಯದ ಶೆಡ್ಡಿಗೆ ಮೊಬೈಲ್ ಒಯ್ಯುವಂತಿಲ್ಲ, ಗೇಟಿನಲ್ಲೇ ಕೊಟ್ಟು ಹೋಗಬೇಕು. ಒಳಗಿನ ಫೋನ್ ಹೊಡೆದುಕೊಂಡರೂ ನೀರು ತಣಿಸುವ ಯಂತ್ರದ ಗದ್ದಲದಲ್ಲಿ ಯಾರಿಗೂ ಕೇಳಿಸುವುದಿಲ್ಲ. ಗೇಟಿಗೆ ಫೋನ್ ಮಾಡಿ ಸೆಕ್ಯುರಿಟಿಯವನನ್ನು ಬೇಡಿಕೊಂಡೆ, ಒಳಗೆ ಹೋಗಿ ಶರಣಪ್ಪನಿಗೆ ಟೆಸ್ಟ್ ಶುರು ಮಾಡಬೇಡ ಎಂದು ಹೇಳಣ್ಣ ಅಂತ. ಅವನು ಹೋಗಿ ಬಂದ.

“ಮೇಡಂ, ಆವಣ್ಣ ನಗ್ತಾವ್ರೆ. ಏನೂ ಆಗಲ್ವಂತೆ, ನೀವು ಆರಾಮಾಗಿ ಊಟ ಮಾಡ್ಬೇಕಂತೆ. ಮೂರ್ತಿ ಸಾರ್ ಹೇಳಿದ್ರೆ ಮಾತ್ರ ನಿಲ್ಸೋದಂತೆ.”

ಶರಣಪ್ಪನನ್ನು ದೂರುವುದು ಹೇಗೆ? ಕರೆಂಟು ಕೊಡು, ನಿಲ್ಲಿಸು ಎಂದು ಹೇಳುವ ಅಧಿಕಾರ ನನಗಿರಲಿಲ್ಲ. ಬ್ಯಾಗ್ ತೆಗೆದುಕೊಂಡು ಮೆಟ್ರೋ ಹತ್ತಿದೆ.

ಆ ಪ್ರಯಾಣ ಯಾರಿಗೂ ಬೇಡ. ಮೆಟ್ರೋದಲ್ಲಿ ಕಾಡುಗೋಡಿಯಿಂದ ಮೆಜೆಸ್ಟಿಕ್‌ಗೆ ಹೋಗಬೇಕು, ಅಲ್ಲಿ ಇಳಿದು, ಮೆಟ್ಟಿಲು ಹತ್ತಿಳಿದು, ಪೀಣ್ಯದ ಗಾಡಿ ಹಿಡಿಯಬೇಕು. ಎದುರಿಗೆ ಕೂತಿದ್ದ ಒಬ್ಬ ಹೆಂಗಸು ಮಗುವಿಗೆ ಕಿತ್ತಳೆ ಹಣ್ಣು ಸುಲಿದು ಕೊಡುತ್ತಿದ್ದಳು. ನಾನು ಮಗುವಿನ ಕಣ್ಣನ್ನೇ ನೋಡುತ್ತಿದ್ದೆ, ಅಲ್ಲಿ ನನಗೆ ಶರಣಪ್ಪನ ಕಣ್ಣು ಕಾಣುತ್ತಿತ್ತು. ಸಿಡಿದರೆ ಹಾರುವುದು ಪಿಂಗಾಣಿಯ ಚೂರುಗಳು, ಬ್ಲೇಡಿನಷ್ಟು ಹರಿತ. ಹಿಂದೆ ಕರೆಂಟು ಕೂಡಿಟ್ಟುಕೊಳ್ಳುವ ಕೆಪಾಸಿಟರುಗಳ ಸಾಲು ಬೇರೆ, ಅದರ ಕಸುವೆಲ್ಲ ಒಂದೇ ಏಟಿಗೆ ಹೊರಬರುತ್ತದೆ. ಅವನು ಹಾಕಿಕೊಳ್ಳುತ್ತಿದ್ದದ್ದು ತೆಳ್ಳನೆಯ ಪ್ಲಾಸ್ಟಿಕ್ ಕನ್ನಡಕ. ನಡುವೆ ಇನ್ನೊಂದು ಭಯವೂ ಕಚ್ಚುತ್ತಿತ್ತು. ನನ್ನದೇ ತಪ್ಪಾಗಿದ್ದರೆ, ಅಲ್ಲಿ ಏನೂ ಆಗದಿದ್ದರೆ, ಇಷ್ಟು ವರ್ಷ ದುಡಿದು ಕೊನೆಗೆ ನಗೆಪಾಟಲಾಗಿ ಮನೆಗೆ ಹೋಗಬೇಕು. ಯಾವುದಕ್ಕೆ ಹೆಚ್ಚು ಹೆದರಿದ್ದೆ ಎಂದು ಕೇಳಬೇಡಿ.

ಶೆಡ್ಡಿನ ಒಳಗೆ ಕಾಲಿಟ್ಟಾಗ ಟೆಸ್ಟ್ ಶುರುವಾಗಿ ಹೊತ್ತಾಗಿತ್ತು. ಟೇಬಲ್ಲಿನ ಮೇಲೆ ಮುಚ್ಚಳವಿಲ್ಲದ ಮಾಡ್ಯೂಲ್, ಅದರ ಮೇಲೆ ಬಗ್ಗಿಕೊಂಡು ಶರಣಪ್ಪ. ಅವನ ಹಿಂದೆ ಗೋಡೆಗೆ ನೋಟಿಸ್ ಚುಚ್ಚುವ ಬೋರ್ಡು. ಬಾಗಿಲ ಆಚೆ ದಪ್ಪ ಪ್ಲಾಸ್ಟಿಕ್ ಗಾಜಿನ ತಡೆ, ಅದರ ಹಿಂದೆ ನಾಲ್ಕು ಕುರ್ಚಿ. ಆ ಕುರ್ಚಿಗಳಲ್ಲಿ ಯಾವತ್ತೂ ಕೂರುತ್ತಿದ್ದದ್ದು ಕಸ್ಟಮರುಗಳು ಮಾತ್ರ.

“ಬರ್ರಿ ಅಕ್ಕಾರ. ಇಷ್ಟು ದೂರ ಬಂದ್ರೇನ್ರಿ? ನೋಡ್ರಿಲ್ಲಿ, ನಿಂತದ.”

ಪರದೆ ನೋಡಿದೆ. ನಿಂತಂತೆಯೇ ಇತ್ತು. ಬಿಸಿ ಎಷ್ಟೆಂದು ಹೇಳುವ ಗೆರೆ ಹೆಚ್ಚುಕಮ್ಮಿ ಮಲಗಿತ್ತು. ಒಂದು ಕ್ಷಣ ನನಗೆ ಅಳು ಬರುವಷ್ಟು ನೆಮ್ಮದಿಯಾಯಿತು. ಆಮೇಲೆ ಚೈತ್ರಾಳ ಪರದೆ ಕಣ್ಮುಂದೆ ಬಂತು. ಅಲ್ಲೂ ಮೊದಲು ಹೀಗೇ ನಿಂತಂತೆ ತೋರಿ ಆಮೇಲೇ ಏರಿತ್ತು.

“ಶರಣಪ್ಪ, ನನ್ ಮಾತು ಕೇಳು. ಆ ಕ್ಯಾಮೆರಾ ಇಟ್ಟು ಈಚೆ ಬಾ.”

“ಚಾಲೂ ಇಟ್ಟು ಬರಂಗಿಲ್ರಿ ಅಕ್ಕಾರ. ರೂಲ್ ಅದ. ಏನೂ ಆಗಂಗಿಲ್ರಿ, ನೀವ್ ಸುಮ್ಮ್ ಕುಂಡ್ರಿ.”

ನಾನು ಅವನಿಗೆ ಹರಳು, ಬಿಸಿ, ನಿಲ್ಲದ ಲೆಕ್ಕ ಎಲ್ಲವನ್ನೂ ಹೇಳತೊಡಗಿದೆ. ಅವನು ಬಗ್ಗಿದಲ್ಲಿಂದಲೇ “ಹೂಂರಿ, ಹೂಂರಿ” ಅನ್ನುತ್ತಿದ್ದ. ಮಾತು ಅವನಿಗೆ ತಲುಪುತ್ತಿರಲಿಲ್ಲ, ಯಂತ್ರದ ಗದ್ದಲಕ್ಕೆ ನನಗೇ ಸರಿಯಾಗಿ ಕೇಳಿಸುತ್ತಿರಲಿಲ್ಲ. ಗೋಡೆಯಲ್ಲಿ ಕೆಂಪು ಗುಂಡಿ ಇತ್ತು, ಒತ್ತಿದರೆ ಎಲ್ಲ ನಿಲ್ಲುತ್ತದೆ. ಅದು ಅವನ ಕೈಗೆ ಎಟುಕುವಂತೆ ಟೇಬಲ್ಲಿನ ಆ ಕಡೆ ಇತ್ತು. ಹೋಗಿ ಒತ್ತಬೇಕೆಂದರೆ ಮಾಡ್ಯೂಲನ್ನು ದಾಟಿ ಹೋಗಬೇಕು. ಒಂದು ಹೆಜ್ಜೆ ಇಟ್ಟೆ. ಗೆರೆಯ ತುದಿ ಕೂದಲೆಳೆಯಷ್ಟು ಮೇಲಕ್ಕೆ ಸೊಟ್ಟಗಾದದ್ದು ಕಂಡಿತು. ನಿಂತಲ್ಲೇ ಕುಸಿದೆ.

ಅದು ನಿಜವಾದ ತಲೆಸುತ್ತೋ, ಅವನನ್ನು ಅಲ್ಲಿಂದ ಎಬ್ಬಿಸಲು ನನ್ನ ಮೈ ತಾನೇ ಹೂಡಿದ ನಾಟಕವೋ, ಇವತ್ತಿಗೂ ನನಗೆ ಗೊತ್ತಿಲ್ಲ. ನೆಲದ ತಣ್ಣನೆ ಮಾತ್ರ ನೆನಪಿದೆ.

“ಅಯ್ಯ ಅಕ್ಕಾರ” ಎಂದು ಶರಣಪ್ಪ ಕ್ಯಾಮೆರಾ ಬಿಟ್ಟು ಓಡಿಬಂದ. ರೂಲು ಗೀಲು ಎಲ್ಲ ಮರೆತ. ನನ್ನ ತೋಳು ಹಿಡಿದೆತ್ತಿ, ಬಾಗಿಲು ದಾಟಿಸಿ, ಗಾಜಿನ ಹಿಂದಿನ ಕುರ್ಚಿಯಲ್ಲಿ ಕೂರಿಸಿದ. ಬಾಟಲಿ ತಂದು ನೀರು ಕುಡಿಸಿದ. “ಮುಂಜಾನಿಂದ ಏನರ ತಿಂದೀರೋ ಇಲ್ಲೋ” ಎಂದು ಗದರಿದ. ಇನ್ನೇನು ವಾಪಸು ಹೋಗಲು ತಿರುಗಿದವನ ಅಂಗಿ ಹಿಡಿದುಕೊಂಡೆ. ಬಿಡಲಿಲ್ಲ. ಅವನು ನಗುತ್ತಾ ಬಿಡಿಸಿಕೊಳ್ಳುತ್ತಿದ್ದ, “ಬಿಡ್ರಿ ಅಕ್ಕಾರ, ಗೆರಿ ನೋಡಬೇಕು.”

ಗಾಜಿನ ಮೂಲಕವೇ ಗೆರೆ ಕಾಣುತ್ತಿತ್ತು. ಅದು ಎದ್ದು ನಿಂತಿತ್ತು. ಅವನೂ ನೋಡಿದ. ನಗು ಹಾಗೇ ಮುಖದಲ್ಲಿ ಉಳಿಯಿತು.

ಸದ್ದು ನನಗೆ ಕಿವಿಯಲ್ಲಿ ಕೇಳಿಸಲಿಲ್ಲ, ಎದೆಗೆ ಗುದ್ದಿದಂತಾಯಿತು. ಬಿಳಿ ಬೆಳಕು, ಆಮೇಲೆ ಹೊಗೆ. ಗಾಜಿಗೆ ಆಲಿಕಲ್ಲಿನಂತೆ ಏನೇನೋ ಬಡಿದವು. ದೀಪಗಳು ಹೋದವು, ಯಂತ್ರ ನಿಂತಿತು. ಆ ಶೆಡ್ಡಿನಲ್ಲಿ ಅಷ್ಟು ಮೌನ ನಾನು ಯಾವತ್ತೂ ಕೇಳಿರಲಿಲ್ಲ. ಅವನ ಅಂಗಿ ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು.

ಸೆಕ್ಯುರಿಟಿಯವರು ಬಂದು ಮೇನ್ ಸ್ವಿಚ್ಚಿಗೆ ಬೀಗ ಹಾಕಿ, ಕೆಪಾಸಿಟರುಗಳೆಲ್ಲ ಖಾಲಿಯಾಗಿವೆ ಎಂದು ಖಾತ್ರಿಯಾದ ಮೇಲೆ ಒಳಗೆ ಹೋದೆವು. ಟೇಬಲ್ಲಿನ ಮೇಲೆ ಮಾಡ್ಯೂಲ್ ಇದ್ದ ಜಾಗದಲ್ಲಿ ಕರಿ ಗುಳಿ. ಕ್ಯಾಮೆರಾದ ಗಾಜು ಹೋಗಿತ್ತು. ಶರಣಪ್ಪ ಏನನ್ನೂ ಮುಟ್ಟದೆ ನೇರ ನೋಟಿಸ್ ಬೋರ್ಡಿನ ಹತ್ತಿರ ಹೋದ. ಅದರಲ್ಲಿ ಬೆರಳುದ್ದದ ಒಂದು ಬಿಳಿ ಪಿಂಗಾಣಿ ಚೂರು ಅರ್ಧದವರೆಗೆ ನಾಟಿಕೊಂಡಿತ್ತು. ಅವನು ಅದನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಿರುಗಿ, ಬೋರ್ಡಿಗೆ ಬೆನ್ನು ಆನಿಸಿ, ದಿನಾ ಕ್ಯಾಮೆರಾ ಹಿಡಿದು ಬಗ್ಗಿದಾಗ ತಲೆ ಇರುವಷ್ಟೇ ಎತ್ತರಕ್ಕೆ ಕುಗ್ಗಿದ.

“ಅಕ್ಕಾರ, ನನಗ ಕಾಣಂಗಿಲ್ಲ. ಎಲ್ಲಿಗಿ ಬರ್ತದ್ರಿ ಅದು?”

ಅವನ ಎಡಗಣ್ಣಿನ ಪಕ್ಕದಲ್ಲೇ ಇತ್ತು.

“ಮೇಲಿದೆ ಕಣಪ್ಪ” ಅಂದೆ. “ನಿನ್ ತಲೆಗಿಂತ ತುಂಬಾ ಮೇಲೆ.”

ಅವನು ಕೈ ಎತ್ತಿ ತಲೆಯ ಮೇಲೆಲ್ಲ ಬೋರ್ಡನ್ನು ತಡವಿದ. ಸಿಗಲಿಲ್ಲ. ಕೈ ನಿಧಾನವಾಗಿ ಇಳಿಯಿತು, ಹಣೆಯ ಪಕ್ಕಕ್ಕೆ ಬಂತು, ಹುಬ್ಬಿನ ಪಕ್ಕಕ್ಕೆ ಬಂತು. ಬೆರಳು ಚೂರಿಗೆ ತಾಗಿ ನಿಂತಿತು. ಅವನು ಹಾಗೇ ಕುಗ್ಗಿಕೊಂಡೇ ಇದ್ದ, ಮೇಲೇಳಲಿಲ್ಲ. ನಾನು ಅವನ ಭುಜ ಹಿಡಿದು ನಿಂತೆ.

ಅಷ್ಟರಲ್ಲಿ ಮೂರ್ತಿಯವರು ಕಸ್ಟಮರುಗಳನ್ನು ಕರೆದುಕೊಂಡು ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ, ಹೊಗೆ ನೋಡಿ ಅಲ್ಲೇ ನಿಂತರು.

ಶರಣಪ್ಪ ಅವರ ಕಡೆ ನೋಡಲಿಲ್ಲ. ತುಂಬ ಮೆಲ್ಲಗೆ, ನನ್ನನ್ನೇ ಕೇಳಿದ. “ಅಕ್ಕಾರ, ನಾಳೆ ಇನ್ನೊಂದು ಮಾಡ್ಯೂಲ್ ಅದಲ್ರಿ. ಅದರ ಲೆಕ್ಕ ನೀವ್ ನೋಡೀರೇನ್ರಿ?”

ಅದು ಬೇರೆಯವರು ಮಾಡಿದ್ದ ಲೆಕ್ಕ, ಅದೂ ನಿಂತಿತ್ತು. ಹೇಗೆ ನಿಂತಿತ್ತೋ ನನಗೆ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ಇನ್ನೊಂದು ಸುಳ್ಳು ನನ್ನ ಬಾಯಿಂದ ಬರಲಿಲ್ಲ.

“ಇಲ್ಲಪ್ಪ” ಅಂದೆ. “ನೋಡಿಲ್ಲ.”

“ಹಂಗಾರ ನಾ ಮುಟ್ಟಂಗಿಲ್ರಿ” ಅಂದ ಶರಣಪ್ಪ. “ನನಗ ಅಂಜಿಕಿ ಆಗ್ತದ.”

ಬಾಗಿಲಲ್ಲಿ ನಿಂತಿದ್ದ ಮೂರ್ತಿಯವರು ಅದನ್ನು ಕೇಳಿಸಿಕೊಂಡರು. ಮುಟ್ಟು ಎಂದು ಅವರೂ ಹೇಳಲಿಲ್ಲ.